ಬೆಳೆಯೋ ಬೇಳೆಯೋ

ನಮ್ಮ ಸಮೂಹ ಗಾಯನ ತಂಡ ಹುಟ್ಟಿದ್ದು ಡೊಂಬಿವಲಿಯಲ್ಲಿ. ಪ್ರಾಕ್ಟೀಸ್ ನಡೆಯುವುದು ಮಾತ್ರ ಠಾಣೆಯಲ್ಲಿ, ಸದಸ್ಯರೊಬ್ಬರ ಸೊಸೈಟಿ ಹಾಲಿನಲ್ಲಿ. ಇದು ರೈಲ್ವೆಯ ತೀರ್ಮಾನ. ಕಲ್ಯಾಣ, ಡೊಂಬಿವಲಿಯವರು ಸೆಂಟ್ರಲ್ ಲೈನಿನಲ್ಲಿ ಬರುತ್ತಾರೆ. ವಾಶಿ, ನೆರೂಳಿನವರು ಟ್ರಾನ್ಸ್ ಹಾರ್ಬರ್ ಹಿಡಿದು ಬರುತ್ತಾರೆ. 2004ರಲ್ಲಿ ಆ ಲೈನ್ ಶುರುವಾಗದೆ ಹೋಗಿದ್ದರೆ ನವಿ ಮುಂಬಯಿಯ ನಾಲ್ಕು ದನಿಗಳು ನಮಗೆ ಸಿಗುತ್ತಿರಲಿಲ್ಲ. ಭಾನುವಾರದ ಮೆಗಾ ಬ್ಲಾಕ್ ಶುರುವಾಗುವ ಮುನ್ನ ಎಲ್ಲರೂ ಮನೆ ಸೇರಬೇಕು. ಹಾಗಾಗಿ ಬೆಳಿಗ್ಗೆ ಎಂಟಕ್ಕೇ ಹಾರ್ಮೋನಿಯಂ ಪೆಟ್ಟಿಗೆ ತೆರೆಯುತ್ತದೆ.

ನಾವು ಇಪ್ಪತ್ತಮೂರು ಜನ. ಐರೋಲಿಯ ಐಟಿ ಆಫೀಸುಗಳಲ್ಲಿ ದುಡಿಯುವ ನನ್ನಂಥವರು, ಬ್ಯಾಂಕಿನವರು, ಒಬ್ಬರು ನರ್ಸ್, ಹೋಟೆಲ್ ನಡೆಸಿ ಈಗ ಮಕ್ಕಳಿಗೆ ಬಿಟ್ಟುಕೊಟ್ಟ ಕುಂದಾಪುರದ ಹಿರಿಯರು, ಮತ್ತೆ ಇಲ್ಲೇ ಹುಟ್ಟಿ ಬೆಳೆದ ಏಳು ಮಕ್ಕಳು. ಧಾರವಾಡ, ಕಲಬುರಗಿ, ಮೈಸೂರು, ಕರಾವಳಿ ಎಲ್ಲ ಕಡೆಯ ಕನ್ನಡವೂ ನಮ್ಮಲ್ಲಿದೆ. ಚಹಾ ಕುಡಿಯುವಾಗ ಅವರವರ ಕನ್ನಡ ಅವರವರಿಗೆ. ಹಾಡುವಾಗ ಎಲ್ಲರ ಬಾಯಲ್ಲೂ ಒಂದೇ ಅಕ್ಷರ, ಒಂದೇ ಅಳತೆಯಲ್ಲಿ ಹೊರಡಬೇಕು.

ಅದು ಸುಲಭವಲ್ಲ ಎಂಬುದು ನಾಡಗೀತೆಯಲ್ಲೇ ಗೊತ್ತಾಗುತ್ತಿತ್ತು. ಕುವೆಂಪು ಅವರ ಕವಿತೆ ನಾಡಗೀತೆಯಾದದ್ದು 2004ರಲ್ಲಿ. ಆದರೆ ಯಾವ ಧಾಟಿ ಎಂಬುದು ಬಹುಕಾಲ ಇತ್ಯರ್ಥವಾಗಿರಲಿಲ್ಲ. ಮೈಸೂರು ಅನಂತಸ್ವಾಮಿಯವರ ಧಾಟಿ ಕಲಿತವರು ಒಂದು ಕಡೆ, ಸಿ. ಅಶ್ವತ್ಥ್ ಅವರದ್ದು ಕಲಿತವರು ಇನ್ನೊಂದು ಕಡೆ. ಇಲ್ಲಿನ ಕಾರ್ಯಕ್ರಮಗಳಲ್ಲಿ ವೇದಿಕೆ ಒಂದು ಧಾಟಿ ಹಿಡಿದರೆ ಸಭೆ ಇನ್ನೊಂದು ಹಿಡಿಯುತ್ತಿತ್ತು. ಯಾರು ಯಾವ ಕಾಲದಲ್ಲಿ, ಯಾವ ಶಾಲೆಯಿಂದ ಊರು ಬಿಟ್ಟು ಬಂದವರು ಎಂದು ಅದರಲ್ಲೇ ತಿಳಿಯುತ್ತಿತ್ತು. 2022ರಲ್ಲಿ ಕರ್ನಾಟಕ ಸರಕಾರ ಅನಂತಸ್ವಾಮಿಯವರ ಧಾಟಿಯನ್ನೇ ಅಧಿಕೃತಗೊಳಿಸಿ, ಎರಡು ನಿಮಿಷ ಮೂವತ್ತು ಸೆಕೆಂಡಿನಲ್ಲಿ ಮುಗಿಯಬೇಕೆಂದಿತು. ಧಾಟಿಗೆ ಒಂದು ಆದೇಶ ಸಾಕಾಯಿತು. ಉಚ್ಚಾರಣೆಗೆ ಯಾವ ಆದೇಶ ಬರಬೇಕು?

ನಮಗೆ ಕಲಿಸುವವರು ಟೀಚರ್. ಎಲ್ಲರೂ ಅವರನ್ನು ಹಾಗೆಯೇ ಕರೆಯುವುದು. ಮುಂಬಯಿ ಮಹಾನಗರ ಪಾಲಿಕೆ ಎಂಟು ಮಾಧ್ಯಮಗಳಲ್ಲಿ ಶಾಲೆ ನಡೆಸುತ್ತದೆ, ಅದರಲ್ಲಿ ಕನ್ನಡವೂ ಒಂದು. ಅಲ್ಲಿ ಮೂವತ್ತು ವರ್ಷ ಪಾಠ ಹೇಳಿ ನಿವೃತ್ತರಾದವರು ಅವರು. ತರಗತಿ ತರಗತಿಯಾಗಿ ಮಕ್ಕಳು ಕಡಿಮೆಯಾಗುವುದನ್ನು ಕಣ್ಣಾರೆ ಕಂಡವರು. 1978ರಲ್ಲಿ 'ನಿತ್ಯೋತ್ಸವ' ಬಂತು. ನಿಸಾರ್ ಅಹಮದ್ ಅವರ ಕವಿತೆಗಳಿಗೆ ಅನಂತಸ್ವಾಮಿಯವರ ಸಂಗೀತ. ಕನ್ನಡದ ಮೊದಲ ಭಾವಗೀತೆ ಕ್ಯಾಸೆಟ್. ಟೀಚರ್ ಹಾಡು ಕಲಿತದ್ದು ಅದನ್ನು ತಿರುತಿರುಗಿ ಹಾಕಿ. "ಭಾವಗೀತೆಯಲ್ಲಿ ಮಾತು ಕೇಳಬೇಕಪ್ಪ. ಮಾತು ಕೇಳದಿದ್ದರೆ ಕೊಳಲು ಸಾಕು, ನಾವ್ಯಾಕೆ?" ಎನ್ನುವುದು ಅವರ ಪಾಠದ ಮೊದಲ ವಾಕ್ಯ.

ನಮ್ಮ ಏಳು ಮಕ್ಕಳಲ್ಲಿ ಐವರಿಗೆ ಕನ್ನಡ ಓದಲು ಬಾರದು. ಮನೆಯಲ್ಲಿ ಅಪ್ಪ ಅಮ್ಮ ಹಾಡನ್ನು ದೇವನಾಗರಿಯಲ್ಲಿ ಬರೆದುಕೊಡುತ್ತಾರೆ. ಮರಾಠಿ ಬಲ್ಲ ಮಕ್ಕಳಿಗೆ 'ಳ' ತೊಡಕಲ್ಲ, ಅದು ಮರಾಠಿಯಲ್ಲೂ ಇದೆ. ತೊಡಕು ಇರುವುದು ಎ, ಒ ಎಂಬ ಎರಡು ಪುಟ್ಟ ಸ್ವರಗಳಲ್ಲಿ. ಮರಾಠಿ ಬರಹದಲ್ಲಿ ಹ್ರಸ್ವ ಎ-ಒಗಳಿಗೆ ಬೇರೆ ಗುರುತಿಲ್ಲ. ಬೆಳೆಯನ್ನೂ ಬೇಳೆಯನ್ನೂ, ಒಲೆಯನ್ನೂ ಓಲೆಯನ್ನೂ, ಕೊಡುವನ್ನೂ ಕೋಡನ್ನೂ ಅದರಲ್ಲಿ ಒಂದೇ ಥರ ಬರೆಯಬೇಕು. ಮಕ್ಕಳು ಎಲ್ಲವನ್ನೂ ದೀರ್ಘವಾಗಿಯೇ ಓದುತ್ತಾರೆ.

ಟೀಚರ್ ಒಂದು ಭಾನುವಾರ ಆ ಹಾಳೆಗಳನ್ನೆಲ್ಲ ಒಟ್ಟು ಮಾಡಿ ಪಕ್ಕಕ್ಕಿಟ್ಟರು. "ಲಿಪಿ ಕಲಿತು ಬನ್ನಿ, ಆಮೇಲೆ ಹಾಡು." ಮುಂದಿನ ವಾರ ಮೂವರು ಮಕ್ಕಳು ಬರಲಿಲ್ಲ. ಟ್ಯೂಷನ್ ಇದೆ ಎಂದು ಒಬ್ಬ ತಾಯಿ ಫೋನಿನಲ್ಲಿ ಹೇಳಿದರು. ಇನ್ನೊಬ್ಬರು ನೇರವಾಗಿಯೇ ಹೇಳಿದರು: "ವಾರವಿಡೀ ಅವಳ ಕಿವಿಗೆ ಕನ್ನಡ ಬೀಳೋದು ಈ ಎರಡು ಗಂಟೆ. ಅದನ್ನೂ ಪರೀಕ್ಷೆ ಮಾಡಿದರೆ ಹೇಗೆ?" ಇಬ್ಬರ ಮಾತೂ ನನಗೆ ಸರಿ ಎನಿಸಿತು. ತೊಂದರೆ ಇದ್ದದ್ದೇ ಅಲ್ಲಿ. ಮಾಟುಂಗದ ಮೈಸೂರು ಅಸೋಸಿಯೇಷನ್, ಮಾಹಿಮಿನ ವಿಶ್ವೇಶ್ವರಯ್ಯ ಸ್ಮಾರಕ ಮಂದಿರ ಮುಂತಾದ ಕಡೆ ಕಾರ್ಯಕ್ರಮ ನೋಡಲು ಬರುವವರ ಸರಾಸರಿ ವಯಸ್ಸು ನಿಮಗೂ ಗೊತ್ತು. ಆ ಮೂವರನ್ನು ಬಿಟ್ಟುಕೊಟ್ಟರೆ ಇನ್ನು ಹತ್ತು ವರ್ಷಕ್ಕೆ ತಂಡವೇ ಇರುವುದಿಲ್ಲ. ಸ್ವರಗಳನ್ನು ಬಿಟ್ಟುಕೊಟ್ಟರೆ ತಂಡವಿರುತ್ತದೆ, ಹಾಡುವುದು ಕನ್ನಡವಾಗಿರುವುದಿಲ್ಲ.

ಮಕ್ಕಳನ್ನು ಹೇಗೋ ಒಪ್ಪಿಸಿ ಕರೆತಂದೆವು. ಅದೇ ಚಳಿಗಾಲದಲ್ಲಿ ಅಕ್ಕಲಕೋಟೆಯ ಕಡೆಯಿಂದ ಕರೆ ಬಂತು. ಕಲ್ಯಾಣದಲ್ಲಿ ರಾತ್ರಿ ಸಿದ್ಧೇಶ್ವರ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಿಗ್ಗೆ ಸೊಲ್ಲಾಪುರ. ಅಲ್ಲಿಂದ ಸುಮಾರು 40 ಕಿ.ಮೀ. ಅದು ಮಹಾರಾಷ್ಟ್ರವೇ, ಆದರೆ ಅಲ್ಲಿನ ಹಳ್ಳಿಗಳಲ್ಲಿ ಕನ್ನಡ ಮಾಧ್ಯಮದ ಜಿಲ್ಲಾ ಪರಿಷತ್ ಶಾಲೆಗಳಿವೆ. ಅಂಥದ್ದೊಂದು ಶಾಲೆಯ ಅಂಗಳದಲ್ಲಿ ನಮ್ಮ ಕಾರ್ಯಕ್ರಮ. ಸುಗ್ಗಿಯ ಜನಪದ ಗೀತೆಯಲ್ಲಿ ನಮ್ಮ ಹದಿಮೂರರ ಹುಡುಗಿಗೆ ಒಂದು ಸಾಲು ಒಬ್ಬಳೇ ಹಾಡಲು ಕೊಟ್ಟಿದ್ದೆವು. ಒಳ್ಳೆಯ ಕಂಠ. ಹೊಲದ ತುಂಬ ಬೇಳೆ ಬಂದ ಸಂತೋಷವನ್ನು ಮನಮುಟ್ಟುವಂತೆ ಹಾಡಿದಳು.

ಮುಂದೆ ಕೂತಿದ್ದ ಮಕ್ಕಳು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಹಾಡು ಮುಗಿದ ಮೇಲೆ ಒಬ್ಬ ಪುಟ್ಟ ಹುಡುಗಿ ಬಂದು ಅವಳ ಕೈ ಹಿಡಿದು, "ಅಕ್ಕಾ, ಹೊಲದಾಗ ಬ್ಯಾಳಿ ಎಲ್ಲಿ ಬರ್ತದ? ಹೊಲದಾಗ ತೊಗರಿ ಬರ್ತದ. ಮನ್ಯಾಗ ಒಡದ್ರ ಬ್ಯಾಳಿ ಆಗ್ತದ," ಎಂದಳು. ನಮ್ಮವಳಿಗೆ ಮೊದಲು ಅರ್ಥವಾಗಲಿಲ್ಲ. ಆ ಮಗು ತೊಗರಿ ಹೊಲದ ಬದುವಿಗೆ ಕರೆದುಕೊಂಡು ಹೋಗಿ ಕಾಯಿ ಸುಲಿದು ತೋರಿಸಿತು. ನಂತರ ನೆಲದ ಮೇಲೆ ಕಡ್ಡಿಯಿಂದ ಎರಡೂ ಪದ ಬರೆಯಿತು. "ಇದು ಸಣ್ಣದು, ಇದು ಉದ್ದಂದು." ಟೀಚರ್ ದೂರದಲ್ಲೇ ನಿಂತು ನೋಡುತ್ತಿದ್ದರು, ಹತ್ತಿರ ಹೋಗಲಿಲ್ಲ.

ಊಟಕ್ಕೆ ಕೂತಾಗ ಜೋಳದ ರೊಟ್ಟಿಯ ಜೊತೆ ಬಡಿಸಿದ್ದನ್ನು ನಮ್ಮವಳು "ಬ್ಯಾಳಿ" ಎಂದೇ ಕೇಳಿ ಹಾಕಿಸಿಕೊಂಡಳು.

ವಾಪಸು ಬಂದ ಮೇಲೆ ಟೀಚರ್ ಹಾಳೆಗಳ ಬಗ್ಗೆ ಹೊಸ ಕ್ರಮ ಹೇಳಿದರು. ದೇವನಾಗರಿ ಇರಲಿ, ಆದರೆ ಹ್ರಸ್ವ ಎ-ಒ ಇರುವ ಕಡೆಯೆಲ್ಲ ಕೆಂಪು ಚುಕ್ಕೆ, ಮತ್ತು ಎದುರು ಪುಟದಲ್ಲಿ ಅದೇ ಸಾಲು ಕನ್ನಡದಲ್ಲಿ. ಟೈಪ್ ಮಾಡುವ ಕೆಲಸ ನನ್ನದು. ಕೆಲವು ತಿಂಗಳಲ್ಲಿ ಮಕ್ಕಳ ಕಣ್ಣು ತಾನಾಗಿಯೇ ಎದುರು ಪುಟಕ್ಕೆ ಹೊರಳತೊಡಗಿತು, ಚುಕ್ಕೆಗಿಂತ ಅದು ಬೇಗ ಓದಿಸಿಕೊಳ್ಳುತ್ತದೆ ಎಂದು.

ಈ ವರ್ಷ ಡೊಂಬಿವಲಿಯ ಚಿಕ್ಕ ಸ್ಟುಡಿಯೋ ಒಂದರಲ್ಲಿ ಆರು ಹಾಡು ರೆಕಾರ್ಡ್ ಮಾಡಿದೆವು. ಎಂಜಿನಿಯರ್ ಮರಾಠಿ ಹುಡುಗ, ಕನ್ನಡದ ಗಂಧ ಗಾಳಿ ಇಲ್ಲ. ಎರಡನೇ ಟೇಕಿನಲ್ಲಿ ನಿಲ್ಲಿಸಿ, "ಈ ಶಬ್ದವನ್ನು ಇಬ್ಬರು ಉದ್ದ ಎಳೀತಿದ್ದಾರೆ, ಉಳಿದವರು ಮೊಟಕು. ಯಾವುದು ಸರಿ?" ಎಂದು ಕೇಳಿದ. ಅರ್ಥ ಗೊತ್ತಿಲ್ಲದವನಿಗೆ ಅಳತೆ ನಮಗಿಂತ ಚೆನ್ನಾಗಿ ಕೇಳಿಸುತ್ತಿತ್ತು. ಉದ್ದ ಎಳೆದವರು ಮಕ್ಕಳಲ್ಲ; ನಮ್ಮಲ್ಲೇ ಇಬ್ಬರು ಹಿರಿಯರು. ನಲವತ್ತು ವರ್ಷದ ಮುಂಬಯಿ ಅವರ ನಾಲಿಗೆಯ ಮೇಲೂ ಕೂತಿತ್ತು. ಟೀಚರ್ ಅವರನ್ನೂ ಮಕ್ಕಳ ಸಾಲಿನಲ್ಲಿ ನಿಲ್ಲಿಸಿ ಹೇಳಿಸಿದರು.

ಹಾಡುಗಳು ಮುಗಿದಾಗ ಬಾಡಿಗೆಯ ಅವಧಿಯಲ್ಲಿ ಇನ್ನೂ ಮುಕ್ಕಾಲು ಗಂಟೆ ಉಳಿದಿತ್ತು. ಟೀಚರಿಗೆ ಈಗ ಎಪ್ಪತ್ತೆರಡು. ಮಗನ ಮನೆಗೆ ಪುಣೆಗೆ ಹೋಗುವ ಮಾತು ನಡೆಯುತ್ತಿದೆ. ನಾವು ಅವರನ್ನು ಮೈಕಿನ ಮುಂದೆ ಕೂರಿಸಿ, ನಮ್ಮ ಹಾಡುಗಳನ್ನೆಲ್ಲ ರಾಗವಿಲ್ಲದೆ ಬರೀ ಓದಿ ಎಂದೆವು. ನಿಧಾನವಾಗಿ, ಕರಿಹಲಗೆಯ ಮುಂದೆ ನಿಂತವರ ಹಾಗೆ ಓದಿದರು. ಆರು ಹಾಡುಗಳ ರೆಕಾರ್ಡಿಂಗ್ ನೆಂಟರಿಷ್ಟರಿಗೆಲ್ಲ ಹೋಗಿದೆ, ಮೆಚ್ಚುಗೆಯೂ ಬಂದಿದೆ. ಟೀಚರ್ ಓದಿದ್ದು ಮಾತ್ರ ತಂಡದ ಇಪ್ಪತ್ತಮೂರು ಫೋನುಗಳಲ್ಲಿದೆ. ಠಾಣೆಯ ಪ್ಲಾಟ್‌ಫಾರ್ಮಿನಲ್ಲಿ ನಾನು ಅದನ್ನೇ ಕೇಳುತ್ತಾ ನಿಲ್ಲುತ್ತೇನೆ. ಶಿವಮೊಗ್ಗ ಬಿಟ್ಟು ಹನ್ನೊಂದು ವರ್ಷವಾಯಿತು, ನನಗೂ ಬೇಕು.