ಮೊದಲ ಡಿ.ಜೆ. ಯಂತ್ರ

ಹೊನ್ನಾವರದ ಕಡೆ ಮದುವೆ ನಿಶ್ಚಯವಾಯಿತೆಂದರೆ ಪುರೋಹಿತರು, ಅಡಿಗೆಯವರು, ವಾಲಗದವರು ಎಂಬ ಹಳೆಯ ಯಾದಿಗೆ ಈಗ ಡಿ.ಜೆ.ಯವನ ಹೆಸರೂ ಸೇರಿಕೊಳ್ಳುತ್ತದೆ. ಮೊದಲ ಮೂವರನ್ನು ಗೊತ್ತುಮಾಡುವವರು ಹಿರಿಯರು. ನಾಲ್ಕನೆಯವನನ್ನು ಗೊತ್ತುಮಾಡುವವರು ಹುಡುಗರು. ಆ ಹುಡುಗರಲ್ಲೊಬ್ಬನಿಗೆ, ತಾನೇ ಏಕೆ ಡಿ.ಜೆ. ಆಗಬಾರದೆಂಬ ಯೋಚನೆ ಹುಟ್ಟಿತೆಂದರೆ ಮನೆಯ ನೆಮ್ಮದಿಗೆ ಕುತ್ತು ಬಂತೆಂದೇ ತಿಳಿಯಬೇಕು. ಒಂದು ವರ್ಷ ದುಡಿದು ಕೂಡಿಟ್ಟ ಹಣವನ್ನು ಅವನು ಒಂದು ಕಂಟ್ರೋಲರಿಗೆ ಸುರಿಯಲು ಹೊರಟಿರುತ್ತಾನೆ. ತಂದೆಯವರು ಏನನ್ನೂ ಹೇಳದೆ ಅಟ್ಟದ ಕಡೆ ನೋಡುತ್ತಾರೆ. ಎಂದೋ ಯಾರೋ ಆಸೆಪಟ್ಟು ತಂದ ಹಾರ್ಮೋನಿಯಂ ಅಲ್ಲಿ ಧೂಳು ತಿನ್ನುತ್ತಿದೆ. "ತಮಾ, ಇದೂ ಅಲ್ಲಿಗೇ ಹೋಗೂದಲ್ಲದಾ?" ಎಂದು ಆಯಿ ಕೇಳಿದರೆ ಆ ಪ್ರಶ್ನೆಯನ್ನು ನಕ್ಕು ತಳ್ಳಿಹಾಕುವಂತಿಲ್ಲ.

ಕಂಟ್ರೋಲರ್ ತಾನಾಗಿ ಹಾಡುವ ಯಂತ್ರವಲ್ಲ. ಹಾಡುಗಳಿರುವುದು ಲ್ಯಾಪ್‌ಟಾಪಿನಲ್ಲಿ, ಅವುಗಳನ್ನು ಕೈಯಿಂದ ಆಳುವ ಹಲಗೆ ಇದು. ಎಡಬಲಕ್ಕೆ ಎರಡು ತಿರುಗುವ ತಟ್ಟೆಗಳು, ನಡುವೆ ಒಂದು ಹಾಡನ್ನಿಳಿಸಿ ಇನ್ನೊಂದನ್ನು ಏರಿಸುವ ಫೇಡರುಗಳು, ಪಕ್ಕದಲ್ಲಿ ವೇಗವನ್ನು ಹೆಚ್ಚುಕಡಿಮೆ ಮಾಡುವ ಜಾರುಗುಂಡಿ. ಇವೆಲ್ಲದರ ಮೂಲ ಎರಡು ಗ್ರಾಮಫೋನು ತಟ್ಟೆಗಳ ಆಟದಲ್ಲಿದೆ. 1973ರ ಆಗಸ್ಟ್ 11ರಂದು ನ್ಯೂಯಾರ್ಕಿನ ಬ್ರಾಂಕ್ಸ್ ಭಾಗದಲ್ಲಿ ನಡೆದ ಒಂದು ಸಂತೋಷಕೂಟವನ್ನು ಈ ಕಲೆಯ ಚರಿತ್ರೆಯಲ್ಲಿ ಮುಖ್ಯವೆಂದು ಎಣಿಸುತ್ತಾರೆ. ಕೂಲ್ ಹರ್ಕ್ ಎಂಬ ತರುಣನು ಒಂದೇ ಹಾಡಿನ ಎರಡು ಪ್ರತಿಗಳನ್ನಿಟ್ಟುಕೊಂಡು, ಜನ ಕುಣಿಯುವ ತಾಳವಾದ್ಯದ ತುಣುಕನ್ನಷ್ಟೇ ಒಂದರ ಬೆನ್ನಿಗೊಂದರಂತೆ ಹಿಗ್ಗಿಸುವ ಉಪಾಯದಿಂದ ಹೆಸರಾದನು. ಕೊಂಡದ್ದಕ್ಕಿಂತ ಕೇಳಿಸಿಕೊಂಡದ್ದೇ ಅವನ ಬಂಡವಾಳವಾಗಿತ್ತು.

ಈ ಮಾತನ್ನು ಹೊನ್ನಾವರದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ತಾಲೂಕಿನ ಗುಣವಂತೆಯ ಕೆರೆಮನೆಯಲ್ಲಿ 1934ರಲ್ಲಿ ಶಿವರಾಮ ಹೆಗಡೆಯವರು ಇಡಗುಂಜಿ ಮಹಾಗಣಪತಿ ಯಕ್ಷಗಾನ ಮಂಡಳಿಯನ್ನು ಕಟ್ಟಿದ ನೆಲವಿದು. ಭಾಗವತನು ಪದ್ಯ ಹೇಳುತ್ತಿರುವಾಗಲೇ ಮುಂದಿನ ನಡೆಯನ್ನು ಮನಸ್ಸಿನಲ್ಲಿ ಎಣಿಸುತ್ತಿರುತ್ತಾನೆ. ಅವನ ಮುಖ ನೋಡಿ ಮದ್ದಳೆಯವನೂ ಚಂಡೆಯವನೂ ಲಯವನ್ನು ಹಿಡಿಯುತ್ತಾರೆ. ಡಿ.ಜೆ.ಯವನ ಕೆಲಸವೂ ಇದೇ. ಸಭೆ ಒಂದು ಹಾಡನ್ನು ಕೇಳುತ್ತಿರುವಾಗ ಅವನ ಒಂದು ಕಿವಿ ಹೆಡ್‌ಫೋನಿನಲ್ಲಿ ಮುಂದಿನ ಹಾಡನ್ನು ಕೇಳುತ್ತ, ಎರಡರ ಲಯವೂ ಒಂದಾಗುವಂತೆ ಕೈ ಆಡಬೇಕು. ಮನೆಯಲ್ಲಿ ಮದ್ದಳೆ ಬಲ್ಲ ಅಜ್ಜನಿದ್ದರೆ ಅಂಗಡಿಗೆ ಹೋಗುವಾಗ ಕರೆದುಕೊಂಡು ಹೋಗಬೇಕಾದವರು ಅವರೇ. ಗುಂಡಿಗಳ ಹೆಸರು ಅವರಿಗೆ ತಿಳಿಯದಿರಬಹುದು. ಲಯ ತಪ್ಪಿದ್ದು ಮಾತ್ರ ಮಾರುವವನಿಗಿಂತ ಮೊದಲು ಅವರಿಗೆ ತಿಳಿಯುತ್ತದೆ.

ಹೀಗಿರುವಾಗ ಮೊದಲ ಯಂತ್ರದಲ್ಲಿ ನೋಡಬೇಕಾದದ್ದು ಏನು? ನಾಲ್ಕು ಚಾನೆಲ್ಲುಗಳ ಮೋಹ ಬೇಡ. ಎರಡನ್ನು ಹೊಂದಿಸಲು ಬಾರದವನಿಗೆ ನಾಲ್ಕು ಸಿಕ್ಕರೆ ಗೊಂದಲ ಇಮ್ಮಡಿಯಾದೀತು. ವೇಗದ ಜಾರುಗುಂಡಿ ಸಾಕಷ್ಟು ಉದ್ದವಿರಲಿ. ಗಿಡ್ಡ ಗುಂಡಿಯಲ್ಲಿ ಕೂದಲೆಳೆಯ ವ್ಯತ್ಯಾಸವನ್ನು ಸರಿಪಡಿಸಲಾಗದು. ಹೆಡ್‌ಫೋನಿಗೆ ಪ್ರತ್ಯೇಕ ದಾರಿಯೂ, ಒಳಗೇ ಸೌಂಡ್ ಕಾರ್ಡೂ ಇರಬೇಕು. ಇವಿಲ್ಲದಿದ್ದರೆ ಮುಂದಿನ ಹಾಡನ್ನು ಗುಟ್ಟಾಗಿ ಕೇಳುವ ವಿದ್ಯೆಯೇ ಕೈಗೆ ಹತ್ತುವುದಿಲ್ಲ. ಪಯೋನಿಯರ್ ಡಿ.ಜೆ.ಯವರ ಡಿಡಿಜೆ-ಎಫ್‌ಎಲ್‌ಎಕ್ಸ್4 ಎಂಬ ಎರಡು ಚಾನೆಲ್ಲಿನ ಯಂತ್ರವನ್ನು ಹೊಸಬರು ಬಹಳವಾಗಿ ಕೊಳ್ಳುತ್ತಾರೆ. ಹರ್ಕ್ಯುಲಿಸ್, ನ್ಯೂಮಾರ್ಕ್ ಹೆಸರಿನವೂ ಉಂಟು. ಅವುಗಳಲ್ಲಿ ಸಣ್ಣವು ಕಡಿಮೆ ಬೆಲೆಗೆ ಸಿಗುತ್ತವೆ, ಕಲಿಯುವವನಿಗೆ ಅವೇನೂ ಹೀನಾಯವಲ್ಲ. ಜೊತೆಗೆ ಬರುವ ತಂತ್ರಾಂಶ ಪೂರ್ಣವೋ, ಮುಂದೆ ಮತ್ತೆ ಹಣ ಕೇಳುವ ಅರೆಬರೆಯೋ ಎಂಬುದನ್ನು ಮಾತ್ರ ಮೊದಲೇ ವಿಚಾರಿಸಬೇಕು. ಬಣ್ಣಬಣ್ಣದ ದೀಪಗಳಿಗೆ ಹೆಚ್ಚು ಹಣ ಕೊಡುವುದು ದಂಡ.

"ಸಿಂಕ್" ಎಂಬ ಒಂದು ಗುಂಡಿಯುಂಟು. ಅದನ್ನೊತ್ತಿದರೆ ಯಂತ್ರವೇ ಎರಡು ಹಾಡುಗಳ ವೇಗವನ್ನು ಹೊಂದಿಸುತ್ತದೆ. ಅದು ಪಾಪವೇನೂ ಅಲ್ಲ. ಆದರೆ ಮೊದಲ ಆರು ತಿಂಗಳು ಅದರ ಮೇಲೊಂದು ಕಾಗದ ಅಂಟಿಸಿಡುವುದು ಒಳ್ಳೆಯದು.

ಕರಾವಳಿಯವರು ಇನ್ನೊಂದನ್ನು ಮರೆಯಬಾರದು. ಕಾಸರಕೋಡು, ಕರ್ಕಿಗಳಂಥ ಕಡಲಂಚಿನ ಊರುಗಳಲ್ಲಿ ಉಪ್ಪುಗಾಳಿಯೂ ಮಳೆಗಾಲದ ತೇವವೂ ಲೋಹವನ್ನು ಬಿಡುವುದಿಲ್ಲ. ಕೈಬದಲಾದ ಯಂತ್ರವನ್ನು ಕೊಳ್ಳುವುದಾದರೆ ಪ್ರತಿಯೊಂದು ಫೇಡರನ್ನೂ ಮೆಲ್ಲಗೆ ಸರಿಸಿ ನೋಡಬೇಕು. ಗರಗರ ಎಂದರೆ ಅಗ್ಗದ ಬೆಲೆಗೆ ಮರುಳಾಗದೆ ಹಿಂದಿರುಗುವುದು ಲೇಸು. ಹೊಸದನ್ನು ಕೊಂಡವನೂ ಆಟ ಮುಗಿದೊಡನೆ ಬಟ್ಟೆ ಮುಚ್ಚಿ, ತೇವ ಹೀರುವ ಪೊಟ್ಟಣವಿಟ್ಟು ಪೆಟ್ಟಿಗೆಗೆ ಸೇರಿಸಬೇಕು.

ಹಣವೆಲ್ಲವನ್ನೂ ಕಂಟ್ರೋಲರಿಗೇ ಮುಗಿಸದೆ, ಕಿವಿಯನ್ನು ಪೂರ್ತಿ ಮುಚ್ಚುವ ಒಳ್ಳೆಯ ಹೆಡ್‌ಫೋನಿಗೆ ಒಂದು ಪಾಲು ಉಳಿಸಿಕೊಳ್ಳಬೇಕು. ಹೊರಗಿನ ಸದ್ದು ಒಳಗೆ ಬಾರದಿದ್ದರೆ ಒಳಗಿನ ಸದ್ದನ್ನು ಏರಿಸುವ ಅಗತ್ಯವಿರುವುದಿಲ್ಲ. ದೊಡ್ಡ ಸ್ಪೀಕರುಗಳನ್ನು ಮಾತ್ರ ಈಗಲೇ ಕೊಳ್ಳಬಾರದು. ಮದುವೆಮನೆಗೆ ಅವು ಬಾಡಿಗೆಗೆ ಸಿಗುತ್ತವೆ. ಅಲ್ಲದೆ 2000ದ ಶಬ್ದಮಾಲಿನ್ಯ ನಿಯಮಗಳು ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕವನ್ನು ಸಾಮಾನ್ಯವಾಗಿ ನಿಷೇಧಿಸುತ್ತವೆ. ಕಲಿಯುವವನಿಗಾದರೋ ಆ ಎಂಟು ತಾಸುಗಳೇ ಅನುಕೂಲ. ಹೆಡ್‌ಫೋನು ಧರಿಸಿ ಅವನು ಎಷ್ಟು ಬೇಕಾದರೂ ಲಯ ತಪ್ಪಲಿ, ಮತ್ತೆ ಹಿಡಿಯಲಿ; ಪಕ್ಕದ ಕೋಣೆಯಲ್ಲಿ ಆಯಿಗೆ ಎಚ್ಚರವಾಗುವುದಿಲ್ಲ.