ಹಡಗಿನ ಸೇವಾ ಪುಸ್ತಕ

ಪರೀಕ್ಷೆ ಸಮೀಪಿಸಿರುವಾಗ ಇತಿಹಾಸದ ವಿದ್ಯಾರ್ಥಿಯೊಬ್ಬನು ಇಲ್ಲದ ಹಡಗೊಂದರ ವಯಸ್ಸನ್ನು ಲೆಕ್ಕ ಹಾಕುತ್ತ ಕುಳಿತಿದ್ದನೆಂದರೆ ಅಧ್ಯಾಪಕರು ನಗಬಹುದು, ಗದರಲೂಬಹುದು. ಎರಡಕ್ಕೂ ಸಿದ್ಧನಾಗಿಯೇ ಬರೆಯುತ್ತಿದ್ದೇನೆ.

ಹಡಗಿನ ಹೆಸರು ಎಂಟರ್‌ಪ್ರೈಸ್. ನೀರಿನ ಮೇಲಿನದಲ್ಲ, ನಕ್ಷತ್ರಗಳ ನಡುವೆ ಓಡಾಡುವುದು. 1966ರ ಸೆಪ್ಟೆಂಬರಿನಲ್ಲಿ ಅಮೆರಿಕದ ಟೆಲಿವಿಷನ್ನಿನಲ್ಲಿ ಮೊದಲಾದ ‘ಸ್ಟಾರ್ ಟ್ರೆಕ್’ ಕಥಾಮಾಲೆಯದು. ಅದರ ಮೈಮೇಲೆ ಎನ್.ಸಿ.ಸಿ.-1701 ಎಂದು ಬರೆದಿದೆ. ನಮ್ಮ ಕಾಲೇಜಿನ ಕವಾಯತಿಗೂ ಇದಕ್ಕೂ ಸಂಬಂಧವಿಲ್ಲವೆಂದು ಹಾಸ್ಟೆಲಿನ ಗೆಳೆಯರಿಗೆ ಎಷ್ಟು ಸಲ ಹೇಳಿದರೂ ಅವರು ನಂಬಿಲ್ಲ.

1984ರಲ್ಲಿ ಬಂದ ಮೂರನೆಯ ಚಲನಚಿತ್ರದಲ್ಲಿ, ಖಾನ್ ಎಂಬ ವೈರಿಯೊಡನೆ ಕಾದಾಡಿ ಜಖಂಗೊಂಡ ಈ ಹಡಗು ಮರಳಿ ಬರುತ್ತದೆ. ರಿಪೇರಿ ಮಾಡಿಸುವುದಿಲ್ಲವೆಂದು ಮೇಲಧಿಕಾರಿ ಮಾರೋ ಸಾಹೇಬನ ತೀರ್ಪು. ಹಡಗಿಗೆ ಇಪ್ಪತ್ತು ವರ್ಷವಾಯಿತಂತೆ, ಅದರ ಕಾಲ ಮುಗಿಯಿತಂತೆ. ಕಪ್ತಾನನಾಗಿದ್ದ ಕರ್ಕನ ಮಾತು ನಡೆಯುವುದಿಲ್ಲ. ನನಗೆ ಮಾತ್ರ ಆ ‘ಇಪ್ಪತ್ತು’ ಗಂಟಲಲ್ಲಿ ಸಿಕ್ಕಿಕೊಂಡಿತು.

ಮೊದಲ ವರ್ಷದ ‘ಮೆನಾಜರಿ’ ಎಂಬ ಕಥೆಯಲ್ಲಿ ಹದಿಮೂರು ವರ್ಷಗಳ ಹಿಂದಿನ ಘಟನೆಯೊಂದು ಬರುತ್ತದೆ. ಆಗಲೇ ಈ ಹಡಗು ಸಂಚಾರದಲ್ಲಿತ್ತು. ಕಪ್ತಾನ ಪೈಕ್. ಅವನ ಕೈಕೆಳಗೆ ಸ್ಪಾಕ್ ದುಡಿದದ್ದು 11 ವರ್ಷ, 4 ತಿಂಗಳು, 5 ದಿನ. ಇಷ್ಟು ಕರಾರುವಾಕ್ಕಾಗಿ ಹೇಳುವವನು ಸ್ಪಾಕ್ ಒಬ್ಬನೇ, ಅಥವಾ ಪಿಂಚಣಿಗೆ ಹತ್ತಿರವಾದ ಗುಮಾಸ್ತ. ಖಾನ್ ಮೊದಲು ಕಾಣಿಸಿಕೊಳ್ಳುವುದೂ ಅದೇ ವರ್ಷದ ಮಾಲೆಯಲ್ಲಿ. ಅವನು ಮರಳಿ ಬರುವ 1982ರ ಚಿತ್ರದಲ್ಲಿ ನಡುವೆ ಹದಿನೈದು ವರ್ಷ ಕಳೆದವೆಂದು ಅವನ ಬಾಯಿಂದಲೇ ಬರುತ್ತದೆ. ಮೂರನೆಯ ಚಿತ್ರ ಅದರ ಬೆನ್ನಿಗೇ ನಡೆಯುವ ಕಥೆ. ಹದಿಮೂರಕ್ಕೆ ಹದಿನೈದು ಕೂಡಿಸಿದರೆ ಇಪ್ಪತ್ತೆಂಟು. ಇಷ್ಟಕ್ಕೇ ಮಾರೋ ಸಾಹೇಬನ ಲೆಕ್ಕದಲ್ಲಿ ಎಂಟು ವರ್ಷ ಖೋತಾ!

ಪೈಕನಿಗೂ ಮೊದಲು ರಾಬರ್ಟ್ ಏಪ್ರಿಲ್ ಎಂಬ ಕಪ್ತಾನನಿದ್ದನೆಂದು 1974ರ ವ್ಯಂಗ್ಯಚಿತ್ರ ಮಾಲೆ ಹೇಳಿತು. ಮೂಲ ಮಾಲೆಯವರು ಇಸವಿಯನ್ನು ಜಾಣತನದಿಂದ ಮರೆಸಿಟ್ಟಿದ್ದರು. ಮುಂದಿನ ಪೀಳಿಗೆಯ ಮಾಲೆಯಲ್ಲಿ, 1988ರಲ್ಲಿ, ಮೊದಲ ಸಲ 2364 ಎಂದು ಸ್ಪಷ್ಟವಾಗಿ ಹೇಳಿದ ಮೇಲೆ ಲೆಕ್ಕಿಗರಿಗೆ ನೆಲ ಸಿಕ್ಕಿತು. 1993ರಲ್ಲಿ ಒಕುಡಾ ದಂಪತಿಗಳು ಕಾಲಾನುಕ್ರಮದ ಗ್ರಂಥವನ್ನೇ ರಚಿಸಿ, ಹಡಗು ಸೇವೆಗೆ ಇಳಿದದ್ದು 2245, ಅದರ ಅಂತ್ಯ 2285 ಎಂದು ಬರೆದರು. ಅಂದರೆ ನಲವತ್ತು ವರ್ಷ!

ಹಾಗಾದರೆ ಇಪ್ಪತ್ತು ಎಲ್ಲಿಂದ ಬಂತು? ಬರೆದವರು ಪ್ರೇಕ್ಷಕರ ವರ್ಷಗಳನ್ನು ಎಣಿಸಿರಬಹುದು. 1966ರಿಂದ 1984ಕ್ಕೆ ಹದಿನೆಂಟು, ಹೆಚ್ಚುಕಡಿಮೆ ಸರಿ. ಆದರೆ ನನಗೆ ಹಿಡಿಸಿದ ಉತ್ತರ ಬೇರೆ. ಕರ್ಕನ ಐದು ವರ್ಷದ ಯಾನ 2270ರಲ್ಲಿ ಮುಗಿಯಿತೆಂದು 2001ರ ‘ವಾಯೇಜರ್’ ಮಾಲೆಯ ಒಂದು ಕಂತು ತಿಳಿಸುತ್ತದೆ. ಹಾಗಾದರೆ ಆ ಯಾನ ಮೊದಲಾದದ್ದು 2265ರಲ್ಲಿ. ಅಲ್ಲಿಂದ 2285ಕ್ಕೆ ಸರಿಯಾಗಿ ಇಪ್ಪತ್ತು! ಸಾಹೇಬನ ಕಡತದಲ್ಲಿ ಹಡಗಿನ ಆಯುಷ್ಯ ಕರ್ಕನಿಂದಲೇ ಶುರುವಾಗಿರಬೇಕು. ಅದಕ್ಕೆ ಹಿಂದಿನ ದುಡಿಮೆ ದುಡಿಮೆಯಲ್ಲ.

ಈ ಹುಚ್ಚು ನನಗೇಕೆ ಹಿಡಿಯಿತೆಂದು ಹೇಳಿಬಿಡುತ್ತೇನೆ. ನನ್ನ ಅಪ್ಪ ಒಂದು ಕಛೇರಿಯಲ್ಲಿ ಕಾವಲುಗಾರರು. ಖಾಯಂ ಆದದ್ದು 2014ರಲ್ಲಿ. ಅದಕ್ಕೆ ಹಿಂದೆ ದಿನಗೂಲಿ. ನಿವೃತ್ತಿ ಹತ್ತಿರ ಬಂತೆಂದು ವಿಚಾರಿಸಿದರೆ, ಸೇವೆ 2014ರಿಂದ ಮಾತ್ರ, ಹಿಂದಿನದಕ್ಕೆ ದಾಖಲೆಯಿಲ್ಲ ಎಂದರು. ಮನೆಯಲ್ಲಿ ಅರ್ಜಿ ಬರೆಯಬಲ್ಲವನು ನಾನೊಬ್ಬನೇ.

“ಯಾವಾಗ ಸೇರಿದಿರಪ್ಪ?” ಎಂದು ಕೇಳಿದೆ. ಅಪ್ಪನಿಗೆ ಇಸವಿ ಗೊತ್ತಿಲ್ಲ, ಸಾಹೇಬರುಗಳು ಗೊತ್ತು. “ಕನ್ನಡಕದ ಸಾಹೇಬರ ಕಾಲದಲ್ಲಿ. ಆಮೇಲೆ ಜೀಪಿನ ಸಾಹೇಬರು ಬಂದರು. ನಿನ್ನ ಅಕ್ಕನ ನಾಮಕರಣಕ್ಕೆ ಗೆಜ್ಜೆ ಕೊಟ್ಟವರು ಕನ್ನಡಕದವರೇ” ಎಂದರು. ಏಪ್ರಿಲ್, ಪೈಕ್, ಕರ್ಕ್! ಮರುದಿನ ಕಛೇರಿಗೆ ಹೋಗಿ, ಸಾಹೇಬರ ಕೊಠಡಿಯ ಗೋಡೆಗೆ ತೂಗುಹಾಕಿದ್ದ ಮರದ ಹಲಗೆಯಿಂದ ಅಧಿಕಾರಿಗಳ ಹೆಸರು, ಅವಧಿ ಎಲ್ಲವನ್ನೂ ನಕಲು ಮಾಡಿಕೊಂಡೆ. ಕನ್ನಡಕದವರು 2001ರಿಂದ 2005. ಅಕ್ಕನ ಜನನ ಪತ್ರದಲ್ಲಿ 2003. ಅಲ್ಲಿಂದ 2014ಕ್ಕೆ, ಕಡಮೆಯೆಂದರೂ, ಹನ್ನೊಂದು ವರ್ಷ. ತಿಂಗಳು, ದಿನ ಹೇಳಲು ನಾನು ಸ್ಪಾಕ್ ಅಲ್ಲ.

ಹಲಗೆ ದಾಖಲೆಯಲ್ಲ ಎಂದರು ಗುಮಾಸ್ತರು. ಆದರೂ ಅರ್ಜಿಯನ್ನು ತೆಗೆದುಕೊಂಡು ಮೊಹರು ಒತ್ತಿದರು.

ಆ ರಾತ್ರಿ ಅಪ್ಪನಿಗೆ ಹಡಗಿನ ಕಥೆ ಹೇಳಿದೆ. ಗಮನವಿಟ್ಟು ಕೇಳಿ, “ಅದರ ಲೆಕ್ಕ ಸರಿಮಾಡಿದರೇನೊ?” ಎಂದರು.

“ಇಲ್ಲಪ್ಪ. ವೈರಿಗಳ ಕೈಗೆ ಸಿಕ್ಕಬಾರದೆಂದು ಕರ್ಕನೇ ಅದನ್ನು ಸಿಡಿಸಿಬಿಟ್ಟ.”

ಸ್ವಲ್ಪ ಹೊತ್ತು ಸುಮ್ಮನಿದ್ದು ಅಪ್ಪ ಕೇಳಿದರು: “ನಮ್ಮ ಅರ್ಜಿದು ಜೆರಾಕ್ಸ್ ಇಟ್ಕೊಂಡಿದ್ದೀಯ ತಾನೆ?”