ನಾಲ್ಕು ದಿನ, ನಾಲ್ಕು ಸೈಕಲ್, ನಾಲ್ಕು ತಾಲ್ಲೂಕು

ಉಷ್ಣವಲಯದ ಪ್ರವಾಸ ಎಂದು ಫೋನಿನಲ್ಲಿ ಹುಡುಕಿದರೆ ಬಾಲಿ, ಮಾಲ್ಡೀವ್ಸ್ ಬರುತ್ತವೆ. ನೀಲಿ ಸಮುದ್ರ, ಬಾಗಿದ ತೆಂಗಿನಮರ. ತೆಂಗಿನಮರ ನೋಡುವುದಕ್ಕೆ ವಿಮಾನ ಹತ್ತಬೇಕೇ? ಚನ್ನರಾಯಪಟ್ಟಣದ ಬಸ್ಸು ಹತ್ತಿದರೆ ಸಾಕು. ನಮ್ಮ ಹಾಸನವೂ ಉಷ್ಣವಲಯದಲ್ಲೇ ಇದೆ, ಸಮಭಾಜಕ ವೃತ್ತದಿಂದ ಸುಮಾರು 13 ಡಿಗ್ರಿ ಉತ್ತರಕ್ಕೆ. ಏಪ್ರಿಲ್ ಕೊನೆಯ ವಾರದಲ್ಲೊಮ್ಮೆ, ಆಗಸ್ಟ್ ಮೂರನೇ ವಾರದಲ್ಲೊಮ್ಮೆ ಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ಆಗ ನೆಟ್ಟಗೆ ನಿಲ್ಲಿಸಿದ ಕೋಲಿಗೆ ನೆರಳೇ ಇರುವುದಿಲ್ಲ.

ಹಾಗಾಗಿ ನಾವು ನಾಲ್ವರು ಹುಡುಗಿಯರು ನಮ್ಮ ಜಿಲ್ಲೆಯನ್ನೇ ಸೈಕಲ್‌ನಲ್ಲಿ ಸುತ್ತುವುದೆಂದು ತೀರ್ಮಾನಿಸಿದ್ದೇವೆ. ಬೇಲೂರು, ಹಳೇಬೀಡು, ಸಕಲೇಶಪುರಕ್ಕೆ ಎಲ್ಲರೂ ಹೋಗುತ್ತಾರೆ. ನಾವು ಹೊರಟಿರುವುದು ಜಿಲ್ಲೆಯ ಇನ್ನೊಂದು ಮಗ್ಗುಲಿಗೆ. ದಿನಕ್ಕೆ ಹೆಚ್ಚೂಕಡಿಮೆ 30ರಿಂದ 40 ಕಿಲೋಮೀಟರ್.

ಮೊದಲ ದಿನ ಹಾಸನದಿಂದ ಗೊರೂರಿನ ದಾರಿ. ಶೆಟ್ಟಿಹಳ್ಳಿಯ ಹಳೆಯ ಚರ್ಚ್ ನೋಡಿ ಅರಕಲಗೂಡು ಕಡೆಗೆ. ಹೇಮಾವತಿ ಜಲಾಶಯದ ಹಿನ್ನೀರು ಏರಿದಾಗ ಆ ಚರ್ಚ್ ಅರ್ಧ ಮುಳುಗಿ ನಿಲ್ಲುತ್ತದೆ, ಬೇಸಿಗೆಯಲ್ಲಿ ನೀರು ಇಳಿದರೆ ಹತ್ತಿರ ನಡೆದೇ ಹೋಗಬಹುದು. ಎರಡನೇ ದಿನ ಕಾವೇರಿ ದಂಡೆ: ಕೊಣನೂರಿನ ತೂಗುಸೇತುವೆ, ರಾಮನಾಥಪುರದ ರಾಮೇಶ್ವರ ದೇವಸ್ಥಾನ, ಅಲ್ಲಿ ಯಾರೂ ಹಿಡಿಯದ ದೇವರ ಮೀನುಗಳು. ಮೂರನೇ ದಿನ ಹೊಳೆನರಸೀಪುರ, ಮತ್ತೆ ಹೇಮಾವತಿ. ನಾಲ್ಕನೇ ದಿನ ಚನ್ನರಾಯಪಟ್ಟಣ ದಾಟಿ ಶ್ರವಣಬೆಳಗೊಳ. ವಿಂಧ್ಯಗಿರಿಯ 58 ಅಡಿ ಗೊಮ್ಮಟನನ್ನು ಸ್ಕೂಲ್ ಟೂರಿನಲ್ಲೇ ನೋಡಿದ್ದೇವೆ. ಈ ಸಲ ಎದುರಿನ ಚಂದ್ರಗಿರಿ ಹತ್ತಿ, ಪಕ್ಕದ ಜಿನನಾಥಪುರದ ಶಾಂತಿನಾಥ ಬಸದಿಗೆ ಹೋಗುತ್ತೇವೆ. ವಾಪಸ್ ಬರಲು ರೈಲಿದೆ. ಸೈಕಲ್‌ಗಳು ಪರಿಚಯದವರ ಗೂಡ್ಸ್ ಆಟೊದಲ್ಲಿ ಬರುತ್ತವೆ.

ದಾರಿ ಗುರುತು ಹಾಕಲು ಒಂದು ಸಂಜೆ ಸಾಕಾಯಿತು. ಮನೆಯಲ್ಲಿ ಒಪ್ಪಿಸಲು ಮೂರು ವಾರ ಹಿಡಿಯಿತು.

‘ಹೆಣ್ಮಕ್ಳು ಸೈಕಲ್ ಹೊಡ್ಕೊಂಡು ಊರೂರು ತಿರುಗೋದಾ? ನೋಡಿದೋರು ಏನಂದಾರು?’ ನಾಲ್ಕೂ ಮನೆಯಲ್ಲಿ ಕೇಳಿದ್ದು ಇದೇ ಮಾತು.

ಆದರೆ ನಮಗೆ ಸೈಕಲ್ ಹೊಸದಲ್ಲ. 2006-07ರಲ್ಲಿ ಸರ್ಕಾರ ಎಂಟನೇ ತರಗತಿ ಮಕ್ಕಳಿಗೆ ಸೈಕಲ್ ಕೊಡಲು ಶುರು ಮಾಡಿತು. ನಮಗೂ ಒಂದೊಂದು ಸಿಕ್ಕಿತ್ತು. ಮೂರು ವರ್ಷ ಬಿಸಿಲು ಮಳೆ ಎನ್ನದೆ ಹೈಸ್ಕೂಲಿಗೆ ತುಳಿದೆವು. ಆಗ ಯಾರೂ ಏನೂ ಅನ್ನಲಿಲ್ಲ. ಎಸ್ಸೆಸ್ಸೆಲ್ಸಿ ಮುಗಿಯಿತು, ಒಬ್ಬಳ ಸೈಕಲ್ ತಮ್ಮನ ಪಾಲಾಯಿತು, ಇನ್ನೊಬ್ಬಳದು ಡೇರಿಗೆ ಹಾಲು ಹೊರಲು ಹೋಯಿತು, ಉಳಿದೆರಡು ಕೊಟ್ಟಿಗೆಯಲ್ಲಿ ತುಕ್ಕು ಹಿಡಿದವು. ಹೆಣ್ಣುಮಕ್ಕಳು ಓದಲು ಹೋಗಬಹುದು, ಕೆಲಸಕ್ಕೆ ಹೋಗಬಹುದು, ಹರಕೆ ತೀರಿಸಲು ಹೋಗಬಹುದು. ಸುಮ್ಮನೆ ಊರು ನೋಡಲು ಹೋಗುತ್ತೇವೆ ಎಂದರೆ ಮಾತ್ರ ಕಾರಣ ಬೇಕು. ನಮ್ಮ ಹತ್ತಿರ ಬೇರೆ ಕಾರಣ ಇರಲಿಲ್ಲ. ಸುಳ್ಳು ಕಾರಣ ಹುಡುಕುವುದೂ ಬೇಡ ಎಂದುಕೊಂಡೆವು.

ಜಗಳಕ್ಕಿಂತ ಪಟ್ಟಿ ಹೆಚ್ಚು ಕೆಲಸ ಮಾಡಿತು. ಒಂದು ನೋಟ್‌ಬುಕ್ಕಿನಲ್ಲಿ ಎಲ್ಲವನ್ನೂ ಬರೆದು ಮನೆಯವರ ಮುಂದಿಟ್ಟೆವು.

ರಾತ್ರಿ: ಲಾಡ್ಜ್ ಬೇಡ. ಅರಕಲಗೂಡು ಕಡೆ ಎರಡು ರಾತ್ರಿ ಚಿಕ್ಕಮ್ಮನ ಮನೆ, ಹೊಳೆನರಸೀಪುರದ ಹತ್ತಿರ ಒಂದು ರಾತ್ರಿ ಸಹಪಾಠಿಯ ಮನೆ. ಸಂಜೆ ಐದಕ್ಕೆ ಸೈಕಲ್ ನಿಲ್ಲಬೇಕು.

ಶೌಚಾಲಯ: ದಾರಿಯ ಬಸ್ ನಿಲ್ದಾಣ, ಪೆಟ್ರೋಲ್ ಬಂಕ್‌ಗಳನ್ನು ಗುರುತು ಮಾಡಿದ್ದೇವೆ. ಹುಡುಗರು ಟ್ರಿಪ್ ಪ್ಲಾನ್ ಮಾಡುವಾಗ ಇದನ್ನು ಬರೆದದ್ದು ನಾವು ನೋಡಿಲ್ಲ.

ನೀರು: ದಡದಲ್ಲಿ ಕೂರುವುದಷ್ಟೇ, ಇಳಿಯುವುದಿಲ್ಲ. ಹಿನ್ನೀರಿನ ಕೆಸರಿನಲ್ಲಿ ಕಾಲು ಹೂತರೆ ಈಜು ಬಂದವರಿಗೂ ಕಷ್ಟ. ಅಣೆಕಟ್ಟಿನ ಕೆಳಗಿನ ಹೊಳೆಯಲ್ಲಿ, ಗೇಟು ತೆರೆದರೆ, ಮಳೆಯಿಲ್ಲದ ದಿನವೂ ನೀರು ಏರುತ್ತದೆ.

ರಸ್ತೆ: ಹೊರಡುವುದು ರಾಗಿ ಕೊಯ್ಲಾದ ಮೇಲೆ. ಮಳೆ ನಿಂತಿರುತ್ತದೆ, ಬಿಸಿಲಿನ್ನೂ ಸುಡುವುದಿಲ್ಲ. ಆದರೆ ರಸ್ತೆಯ ಮೇಲೆ ರಾಗಿ, ಹುರುಳಿ ಒಕ್ಕಣೆಗೆ ಹರಡಿರುತ್ತಾರೆ. ಹುಲ್ಲು ಚೈನಿಗೆ ಸಿಕ್ಕಿಕೊಳ್ಳುತ್ತದೆ, ಕಾಳಿನ ಮೇಲೆ ಚಕ್ರ ಜಾರುತ್ತದೆ. ಅಂಥ ಕಡೆ ಇಳಿದು ತಳ್ಳುವುದು.

ಸುಸ್ತಾದರೆ: ಸೈಕಲ್ ಪರಿಚಯದವರ ಮನೆಯಲ್ಲಿ ಬಿಟ್ಟು ಸರ್ಕಾರಿ ಬಸ್ ಹತ್ತುವುದು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ನಮಗೆ ಟಿಕೆಟ್ ದುಡ್ಡಿಲ್ಲ. ಕೈಯಲ್ಲಿ ಗುರುತಿನ ಚೀಟಿ ಇರಬೇಕು.

ಪಟ್ಟಿ ಓದಿದ ಒಬ್ಬಳ ಅಪ್ಪ ಏನೂ ಮಾತಾಡದೆ ಕೊಟ್ಟಿಗೆಗೆ ಹೋಗಿ ಸೈಕಲ್ ಹೊರಗೆಳೆದು ಚೈನಿಗೆ ಎಣ್ಣೆ ಬಿಟ್ಟರು. ಇನ್ನೊಬ್ಬಳ ಅಮ್ಮ ಈಗಲೂ ಪೂರ್ತಿ ಒಪ್ಪಿಲ್ಲ. ‘ರಾಮನಾಥಪುರಕ್ಕೆ ಹೋದ್ರೆ ಮೀನಿಗೆ ನನ್ನ ಹೆಸರಲ್ಲೂ ಒಂದಿಷ್ಟು ಪುರಿ ಹಾಕಿ’ ಎಂದಿದ್ದಾರೆ. ನಾವು ಅದನ್ನು ಒಪ್ಪಿಗೆ ಎಂದೇ ತಿಳಿದಿದ್ದೇವೆ.

ಈ ದಾರಿಯ ಊರುಗಳಲ್ಲಿ ಇದನ್ನು ಓದುತ್ತಿರುವವರಿಗೆ ಒಂದು ಮಾತು. ನಾಲ್ಕು ಸೈಕಲ್ ಕಂಡರೆ ‘ಯಾರ ಮನೆ ಮಕ್ಳವ್ವಾ?’ ಎಂದು ಧಾರಾಳವಾಗಿ ಕೇಳಿ, ಹೇಳುತ್ತೇವೆ. ಕುಡಿಯಲು ನೀರು ಕೊಡಿ, ಪಂಕ್ಚರ್ ಅಂಗಡಿ ಎಲ್ಲಿದೆ ಎಂದು ತೋರಿಸಿ. ‘ಒಬ್ಬೊಬ್ರೇ ಬಂದಿದ್ದೀರಾ?’ ಎಂದು ಮಾತ್ರ ಕೇಳಬೇಡಿ. ನಾವು ನಾಲ್ವರಿದ್ದೇವೆ. ನಿಮ್ಮ ಮನೆಯ ಕೊಟ್ಟಿಗೆಯಲ್ಲೂ ಹೆಣ್ಣುಮಗಳೊಬ್ಬಳ ಸೈಕಲ್ ನಿಂತಿದ್ದರೆ ಟೈರಿಗೆ ಗಾಳಿ ಹೊಡೆಸಿಡಿ, ನಮ್ಮೂರಿಗೆ ಅವಳೂ ಬರಲಿ.